ಮೊದಲಿನ ಹಾಗಿಲ್ಲ ಬಿಡು

ಕರಾವಳಿ ಉತ್ಸವಕ್ಕೆ ಹೆಸರಾಂತ ಗಾಯಕರು ಬರುತ್ತಾರೆಂದರೆ ಕಾರವಾರದ ಕಡಲತೀರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಜನಜಂಗುಳಿಯಲ್ಲಿ ವೇದಿಕೆಗೆ ಬೆನ್ನು ಹಾಕಿ ಶೇಂಗಾ ಮೆಲ್ಲುವವನೊಬ್ಬ ನಮ್ಮ ಗುಂಪಿನಲ್ಲಿದ್ದಾನೆ. ಹಿಂದೆ ಅದೇ ಗಾಯಕನ ಹಾಡುಗಳನ್ನು ನಮಗೆಲ್ಲ ಬಲವಂತವಾಗಿ ಕೇಳಿಸಿದವನು ಅವನೇ. ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ತುರುಕಿ, 'ಈಗ ಬರುತ್ತದೆ ನೋಡು, ಆ ಆಲಾಪ' ಎಂದು ನನ್ನ ಮುಖವನ್ನೇ ನೋಡುತ್ತಿದ್ದ. ಈಗ ಆ ಹಾಡು ಅಂಕೋಲೆಯ ಟೆಂಪೊದಲ್ಲೂ ಮದುವೆ ಮನೆಯ ಧ್ವನಿವರ್ಧಕದಲ್ಲೂ ಕೇಳುತ್ತದೆ. 'ಮೊದಲಿನ ಹಾಗಿಲ್ಲ ಬಿಡು, ದುಡ್ಡಿಗೆ ಹಾಡುತ್ತಾನೆ' ಎನ್ನುತ್ತಾನೆ ಇವನು. ಮೊದಲೇನು ಪುಕ್ಕಟೆ ಹಾಡುತ್ತಿದ್ದನೇ?

ಇದು ನಮ್ಮೂರಿನ ಕಾಯಿಲೆ ಮಾತ್ರವಲ್ಲ. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ, ಜಾನಪದ ಶೈಲಿಯ ಹಾಡುಗಳಿಗೆ ಹೆಸರಾಗಿದ್ದ ಗಾಯಕ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತಾಗ ಸಭಿಕರಲ್ಲಿ ಕೆಲವರು ಕೂಗಾಡಿ ಅಸಮಾಧಾನ ತೋರಿಸಿದರು. ಮರುವರ್ಷ ಮ್ಯಾಂಚೆಸ್ಟರಿನಲ್ಲಿ ಒಬ್ಬ 'ಜುದಾಸ್' ಎಂದೇ ಕಿರುಚಿದ. ಯೇಸುವನ್ನು ಹಿಡಿದುಕೊಟ್ಟವನ ಹೆಸರು! ಟಿಕೆಟ್ಟಿಗೆ ದುಡ್ಡು ಕೊಟ್ಟು ಬಂದು ಬೈಯುವಷ್ಟು ಹಚ್ಚಿಕೊಂಡಿದ್ದರು ಎನ್ನಿ.

ಶೈಲಿ ಕೆಟ್ಟಿತೆಂಬ ದೂರಿನಲ್ಲಿ ಕೆಲವೊಮ್ಮೆ ಹುರುಳಿರುತ್ತದೆ. ದೊಡ್ಡ ಮೈದಾನಕ್ಕೆ ಹಾಡುವಾಗ ಸಣ್ಣ ಕುಸುರಿ ಉಳಿಯುವುದು ಕಷ್ಟ. ಆದರೆ ನಮ್ಮವನು ಹಳೆಯ ಹಾಡುಗಳನ್ನೂ ಮೊಬೈಲಿನಿಂದ ಅಳಿಸಿದ್ದಾನೆ. ಅವುಗಳ ಒಂದು ಸ್ವರವೂ ಬದಲಾಗಿರಲಿಲ್ಲ. 'ನಿಮಗಿಂತ ಮೊದಲು ಕಂಡವನು ನಾನು' ಎಂಬ ಹೆಮ್ಮೆ ಊರಿಗೆಲ್ಲ ಹಂಚಿಹೋದ ಮೇಲೆ ಅವನ ಪಾಲಿಗೆ ಏನೂ ಉಳಿಯಲಿಲ್ಲ. ಸದ್ಯಕ್ಕೆ ಶಿರಸಿ ಕಡೆಯ ಯಾರೋ ಹೊಸ ಹುಡುಗನನ್ನು ಪತ್ತೆ ಹಚ್ಚಿದ್ದಾನಂತೆ. ಲಿಂಕ್ ಕೇಳಿದರೆ ಕೊಡುತ್ತಿಲ್ಲ.