ಸಕಲೇಶಪುರದ ತೋಟದಲ್ಲಿ ಪತಂಗ ನೋಡಿದ ರಾತ್ರಿ

ಜುಲೈ ಕೊನೆಯ ವಾರ ಪತಂಗಗಳ ಸಪ್ತಾಹ. 2012ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ಈಗ ನಮ್ಮ ಕಡೆಯೂ ಮಾಡುತ್ತಾರೆ. ಬಿಳಿ ಬಟ್ಟೆ ಕಟ್ಟಿ ದೀಪ ಹಾಕೋದು, ಬಂದು ಕೂತ ಪತಂಗಗಳ ಫೋಟೋ ತೆಗೆದು ದಾಖಲಿಸೋದು. ಈ ಸಲ ನಾನು ಸಕಲೇಶಪುರದ ಹತ್ತಿರ ಮಾವನ ಕಾಫಿ ತೋಟಕ್ಕೆ ಹೋಗಿದ್ದೆ.

ಬೆಳಗಿನಿಂದ ಹಿಡಿದಿದ್ದ ಮಳೆ ಕತ್ತಲಾಗುವ ಹೊತ್ತಿಗೆ ಸ್ವಲ್ಪ ಹೊಳವಾಯಿತು. ಕಣದ ಪಕ್ಕದ ಶೆಡ್ಡಿನಲ್ಲಿ ಮಾವನ ಹಳೇ ಪಂಚೆ ಕಟ್ಟಿ ಬಲ್ಬು ಹಾಕಿದೆ. "ಹುಳ ಕಂಡ್ರೆ ಔಷಧಿ ಹೊಡೆಯೋರು ನಾವು. ನೀನು ದೀಪ ಹಾಕಿ ಕರೀತಿದ್ದೀಯಲ್ಲೋ" ಅಂದರು ಮಾವ. ಕಾಂಡಕೊರಕ, ಕಾಯಿಕೊರಕ ಅಂತ ಜೀವ ತೇಯ್ದವರು ಅವರು, ಹಾಗನ್ನದೆ ಇನ್ನೇನು? ಆದರೆ ಆ ಎರಡೂ ದುಂಬಿ (ಬೀಟಲ್) ಜಾತಿಯವು. ಪತಂಗಗಳ ಲೋಕವೇ ಬೇರೆ. ನಮ್ಮ ದೇಶದಲ್ಲಿ ಚಿಟ್ಟೆ ಜಾತಿಗಳು 1,300ಕ್ಕೂ ಹೆಚ್ಚು, ಪತಂಗಗಳು 10,000ಕ್ಕೂ ಹೆಚ್ಚು. ಚಿಟ್ಟೆಗೆ ಸಿಕ್ಕ ಗಮನದ ಕಾಲುಭಾಗವೂ ಇವಕ್ಕೆ ಸಿಕ್ಕಿಲ್ಲ ಅನ್ನೋದು ನನ್ನ ಬೇಸರ.

ಮೊದಮೊದಲು ಬಂದವೆಲ್ಲ ಉಗುರಿನಷ್ಟು ಚಿಕ್ಕವು. ಎಂಟೂವರೆ ಸುಮಾರಿಗೆ ಒಂದು ದೊಡ್ಡದು ಬಂದು ಪಂಚೆಗೆ ಬಡಿಯಿತು. ಹಸಿರು ರೆಕ್ಕೆ, ಅದರ ಮೇಲೆ ತಿಳಿಗುಲಾಬಿ ಪಟ್ಟೆ, ಬಿಳಿ ಗೆರೆ. ಬಟ್ಟೆಯ ನೂಲನ್ನು ಕಾಲಿನಿಂದ ಬಿಗಿಯಾಗಿ ಹಿಡಿದು ಕೂತಿತ್ತು. ಸ್ವಲ್ಪ ಹೊತ್ತಿಗೆ ರೆಕ್ಕೆ ಗಡಗಡ ನಡುಗಿಸತೊಡಗಿತು. ಹೆದರಿ ಅಲ್ಲ, ಹಾರುವ ಮುಂಚೆ ಮೈ ಬಿಸಿ ಮಾಡಿಕೊಳ್ಳೋದು ಹಾಗೆ. ಡಾಫ್ನಿಸ್ ನೀರಿ ಅಂತ ಅದರ ವೈಜ್ಞಾನಿಕ ಹೆಸರು.

ತೋಟದ ಕೆಲಸದವರು ಇರೋ ಲೈನ್ ಮನೆಯಿಂದ ನೋಡಲು ಬಂದಿದ್ದ ಅಕ್ಕ ಒಬ್ಬರು ಹತ್ತಿರ ಬಂದು ಬಗ್ಗಿದರು. "ಇದರ ಮರಿ ಅಮ್ಮಾವ್ರ ನಂದಿಬಟ್ಟಲು ಗಿಡದಲ್ಲಿ ಇರ್ತದಲ್ಲ, ನೀಲಿ ಕಣ್ಣಿಂದು!" ಅಂದರು. ಅವರ ಮಗ ಆ ಹಸಿರು ಹುಳವನ್ನು ಡಬ್ಬಿಯಲ್ಲಿ ಮಣ್ಣು ಹಾಕಿ ಸಾಕಿದ್ದನಂತೆ. ಕೊನೆಗೆ ಇದೇ ಪತಂಗ ಹೊರಗೆ ಬಂತಂತೆ. ಕಣಗಿಲೆ, ನಂದಿಬಟ್ಟಲು ಎರಡೂ ಇದರ ಮರಿಗಳ ಮೇವು ಅಂತ ನಾನು ಓದಿ ತಿಳಿದಿದ್ದೆ. ಅವರು ಕಣ್ಣಾರೆ ಕಂಡಿದ್ದರು.

ಐನ್ಯಾಚುರಲಿಸ್ಟ್ ಅಂತ ಒಂದು ಆ್ಯಪ್ ಇದೆ, ನಾವು ಕಂಡ ಜೀವಿಗಳ ಫೋಟೋ ಹಾಕಿದರೆ ಬೇರೆಯವರು ನೋಡಿ ಹೆಸರು ಹೇಳುತ್ತಾರೆ. ಅದಕ್ಕೆ ಫೋಟೋ ಹಾಕುವಾಗ ದಿನಾಂಕ, ಜಾಗ ತಾನಾಗೇ ಸೇರಿಕೊಳ್ಳುತ್ತೆ. ಯಾವ ಗಿಡದ ಎಲೆ ತಿಂದು ಬೆಳೆಯಿತು ಅನ್ನೋದು ಸೇರೋದಿಲ್ಲ, ಅದನ್ನು ನಾವೇ ಬರೆಯಬೇಕು. ಅಕ್ಕನ ಒಪ್ಪಿಗೆ ಕೇಳಿ, ಅವರ ಮಾತನ್ನು ಕನ್ನಡದಲ್ಲೇ ಟಿಪ್ಪಣಿಯಾಗಿ ಹಾಕಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಊರೂರಲ್ಲೂ ಜನರನ್ನು ಕೇಳಿ ಜೀವವೈವಿಧ್ಯದ ದಾಖಲೆ ಬರೆಯಬೇಕು. ಬರೆಯೋರು ಇಂಥ ಲೈನ್ ಮನೆಗಳ ಬಾಗಿಲಿಗೂ ಹೋಗಬೇಕು ಅಂತ ನನ್ನ ಆಸೆ. ದಿನವಿಡೀ ಗಿಡದ ನಡುವೆ ಇರೋರು ಅವರೇ ಅಲ್ವಾ?

ಹತ್ತೂವರೆಗೆ ದೀಪ ಆರಿಸಿ ಪಂಚೆಯನ್ನು ಮೆಲ್ಲಗೆ ಕೊಡವಿದೆವು. ಹಾಗೇ ಬಿಟ್ಟರೆ ಬೆಳಿಗ್ಗೆ ಪಿಕಳಾರಗಳು ಬಂದು ಒಂದನ್ನೂ ಉಳಿಸೋದಿಲ್ಲ. ಎರಡು ದಿನದಲ್ಲಿ ಕೆಲವಕ್ಕೆ ಬೇರೆ ಊರಿನವರು ಹೆಸರು ಸೂಚಿಸಿದರು. ಚಿಕ್ಕವು ಸುಮಾರು ಹಾಗೇ ಉಳಿದಿವೆ. ಮಾವ ಪಂಚೆ ವಾಪಸ್ ಕೇಳಲಿಲ್ಲ. ಹೂಮಳೆ ಬಿದ್ದ ಮೇಲೆ ಬಾ, ಕಾಫಿ ಹೂವಿಗೆ ರಾತ್ರಿ ಏನೇನು ಬರುತ್ತೆ ನೋಡೋಣ ಅಂದಿದ್ದಾರೆ.