ಎ4 ಹಾಳೆಯಲ್ಲಿ ಹೋದ ಮಾನ

ಎರಡು ವರ್ಷ ಆಯ್ತು, ಆದ್ರೂ ಜೆರಾಕ್ಸ್ ಮಷೀನ್ ಸದ್ದು ಕೇಳಿದ್ರೆ ನಂಗೆ ಆ ದಿನದ ಮೂರನೇ ಪಿರಿಯಡ್ಡೇ ನೆನಪಾಗತ್ತೆ.

ಆರನೇ ಕ್ಲಾಸಿಗೆ ನಕ್ಷೆ ಪಾಠ. ಇನ್ಸ್‌ಪೆಕ್ಷನ್ ಇದೆ ಅಂತ ಹಿಂದಿನ ದಿನ ಸಂಜೆ ಹೇಳಿದ್ರು, ಎಂದಿನ ಹಾಗೆ. ಈ ಸಲ ಚಾಕ್ ಅಂಡ್ ಟಾಕ್ ಬೇಡ, ಏನಾದ್ರೂ ಚಟುವಟಿಕೆ ಮಾಡಿಸೋಣ ಅಂತ ರಾತ್ರಿ ಕೂತು ನಮ್ಮ ಸ್ಕೂಲ್ ಕಾಂಪೌಂಡಿನ ನಕ್ಷೆನ ಎ3 ಹಾಳೆ ಮೇಲೆ ಬರೆದೆ. ಗೇಟು, ನೀರಿನ ಟ್ಯಾಂಕು, ಆಟದ ಮೈದಾನ, ಮರಗಳು ಎಲ್ಲ ಇದ್ವು, ಮೂಲೇಲಿ ಉತ್ತರದ ಬಾಣ, ಪಕ್ಕದಲ್ಲಿ ಸಂಕೇತಗಳ ಪಟ್ಟಿ. ಸ್ಕೇಲ್ 1:500, ಅಂದ್ರೆ 1 ಸೆಂಮೀ ಅಂದ್ರೆ ನೆಲದ ಮೇಲೆ 5 ಮೀಟರ್. ಅದರ ಕೆಳಗೆ ಅಭ್ಯಾಸಬಲದಿಂದ ಒಂದು ರೇಖಾ ಪ್ರಮಾಣಾನೂ, ಅಂದ್ರೆ ನೆಲದ ದೂರ ಗುರುತು ಹಾಕಿರೋ ಪಟ್ಟಿ, ಎಳೆದೆ, 0 ಇಂದ 50 ಮೀಟರ್ ತನಕ, ಸರಿಯಾಗಿ 10 ಸೆಂಮೀ. ಚೆನ್ನಾಗಿ ಕಾಣ್ಲಿ ಅಂತ ಅಷ್ಟೇ, ಬೇರೆ ಉದ್ದೇಶ ಇರ್ಲಿಲ್ಲ.

ಬೆಳಿಗ್ಗೆ ಆಫೀಸಲ್ಲಿ ಎ3 ಹಾಳೆ ಖಾಲಿ. ಕೊಡಿ ಮೇಡಂ ಎ4ಗೆ ಇಳಿಸಿ ಕೊಡ್ತೀನಿ, ಎಲ್ಲಾ ಹಾಗೇ ಬರತ್ತೆ ಅಂದ್ರು ಕ್ಲರ್ಕು. ಎಲ್ಲಾ ಹಾಗೇ ಬಂತು ಕೂಡ! ನಾನೂ ಖುಷಿಯಾಗಿ ಎಂಟು ಪ್ರತಿ ಎತ್ಕೊಂಡು ಓಡಿದೆ.

ಎಂಟು ಗ್ರೂಪು. ಮೊದಲು ನಕ್ಷೆ ಮೇಲೆ ಗೇಟಿಂದ ಟ್ಯಾಂಕಿಗೆ ಸ್ಕೇಲಲ್ಲಿ ಅಳೀಬೇಕು, ಲೆಕ್ಕ ಹಾಕಬೇಕು, ಆಮೇಲೆ ಹೊರಗೆ ಹೋಗಿ 30 ಮೀಟರ್ ಟೇಪಲ್ಲಿ ಅಳೆದು ತಾಳೆ ನೋಡ್ಬೇಕು. ನಕ್ಷೆ ಮೇಲೆ ಎಲ್ರಿಗೂ 11.3 ಸೆಂಮೀ ಆಚೀಚೆ ಬಂತು, ಐದರಿಂದ ಗುಣಿಸಿದ್ರೆ 56 ಚಿಲ್ಲರೆ ಮೀಟರ್. ಇನ್ಸ್‌ಪೆಕ್ಟರ್ ಸಾಹೇಬ್ರು ಹಿಂದಿನ ಬೆಂಚಲ್ಲಿ ಡೈರಿ ಬಿಚ್ಕೊಂಡು ಕೂತಿದ್ರು. ಮೊದಲ ಗ್ರೂಪು ಹೊರಗಿಂದ ಓಡಿ ಬಂದು, ಮಿಸ್, 80 ಮೀಟರ್ ಅಂತು.

ನಾನು ನಕ್ಕು, ಟೇಪು ಸಡಿಲ ಬಿಟ್ಟಿರ್ತೀರಿ, ಹೋಗಿ ಬಿಗಿಯಾಗಿ ಹಿಡೀರಿ ಅಂದೆ. ಎರಡನೇ ಗ್ರೂಪಿಗೂ 80. ಇವರು ಅವರದ್ದು ನೋಡಿ ಕಾಪಿ ಹೊಡೆದ್ರು ಅಂದ್ಕೊಂಡೆ, ಬೈದೂ ಬಿಟ್ಟೆ. ಮೂರನೇ ಗ್ರೂಪು 79.6 ಅಂದಾಗ ಬೆನ್ನಲ್ಲಿ ಬೆವರು ಶುರುವಾಯ್ತು. ಆಗ್ಲಾದ್ರೂ ತಲೆ ಓಡಬೇಕಿತ್ತಲ್ವಾ, ಇಲ್ಲ. ಟೇಪಿನ ಮೊದಲ ತುಂಡು ಹರಿದು ಹೋಗಿದ್ಯಾ ಅಂತ ಟೇಪು ಇಸ್ಕೊಂಡು ಪರೀಕ್ಷೆ ಮಾಡೋಕೆ ನಿಂತೆ, ಮಕ್ಕಳು ನನ್ನ ಮುಖ ನೋಡ್ತಾ ನಿಂತ್ರು, ಸಾಹೇಬ್ರು ಏನೋ ಬರೀತಾ ಇದ್ರು, ಆ ಪೆನ್ನಿನ ಸದ್ದು ನಂಗೆ ಕೇಳಿಸ್ತಾ ಇತ್ತು. ಟೇಪು ಸರಿಯಾಗೇ ಇತ್ತು. ನೆಲ ಅಳೆದು ಬಂದ ಮೂರು ಗ್ರೂಪಿಗಿಂತ ನನ್ನ ಕೈಬರಹದ ಮೇಲೇ ನಂಗೆ ನಂಬಿಕೆ ಜಾಸ್ತಿ.

ಅಷ್ಟರಲ್ಲಿ ಕೊನೇ ಗ್ರೂಪಿನ ಒಬ್ಬ ಹುಡುಗಿ, ಯಾವತ್ತೂ ಕೈ ಎತ್ತದೋಳು, ದಾರ ಹಿಡ್ಕೊಂಡು ಬಂದ್ಳು. ಅವಳ ಹತ್ರ ಸ್ಕೇಲ್ ಇರ್ಲಿಲ್ಲ, ಗೇಟಿಂದ ಟ್ಯಾಂಕಿಗೆ ದಾರ ಇಟ್ಟು ಅದನ್ನ ತಂದು ಕೆಳಗಿನ ರೇಖಾ ಪ್ರಮಾಣದ ಮೇಲೆ ಇಟ್ಟಿದ್ಳು. ಪೂರ್ತಿ ಒಂದು ಪಟ್ಟಿ, ಮೇಲೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮಿಸ್, ಇದ್ರಲ್ಲಿ ಅಳೆದ್ರೆ 80ಏ ಬರತ್ತೆ, ಮೇಲೆ ಬರೆದಿರೋದೇ ತಪ್ಪಿರಬಹುದು ಅಂದ್ಳು.

ಆವಾಗ ಹೊಳೀತು. ಎ3ಯಿಂದ ಎ4ಗೆ ಇಳಿಸಿದ್ರೆ ಉದ್ದ ಸುಮಾರು 71 ಪರ್ಸೆಂಟ್ ಆಗತ್ತೆ. ನಾನು 16 ಸೆಂಮೀ ಎಳೆದಿದ್ದು 11.3 ಆಗಿತ್ತು. ಪಟ್ಟಿನೂ ನಕ್ಷೆ ಜೊತೆಗೇ ಕುಗ್ಗಿತ್ತು, ಹಾಗಾಗಿ ಅದು ಸುಳ್ಳು ಹೇಳ್ಲಿಲ್ಲ. 1:500 ಅನ್ನೋದು ಬರೀ ಅಕ್ಷರ, ಸೈಜು ಚಿಕ್ಕದಾಯ್ತೇ ಹೊರತು ಅಂಕಿ ಬದಲಾಗ್ಲಿಲ್ಲ. ನಿಜವಾದ ಪ್ರಮಾಣ 1:707 ಹತ್ರ ಹೋಗಿತ್ತು. ತಮಾಷೆ ಏನಂದ್ರೆ ಹಿಂದಿನ ದಿನವೇ ನಾನು ಬೋರ್ಡ್ ಮೇಲೆ, ನಕ್ಷೆಯನ್ನು ಹಿಗ್ಗಿಸಿದಾಗ ಅಥವಾ ಕುಗ್ಗಿಸಿದಾಗ ರೇಖಾ ಪ್ರಮಾಣ ಬದಲಾಗುವುದಿಲ್ಲ ಅಂತ ಬರೆಸಿ ಎರಡು ಸಲ ಅಂಡರ್‌ಲೈನ್ ಮಾಡಿಸಿದ್ದೆ, ಒಂದು ಮಾರ್ಕಿಗೆ ಬರತ್ತೆ ಅಂತ.

ಸಾಹೇಬ್ರು ರಿಪೋರ್ಟಲ್ಲಿ ಏನು ಬರೆದ್ರು ಗೊತ್ತಾ? ಬೇಕಂತಲೇ ತಪ್ಪು ಪ್ರಮಾಣ ಕೊಟ್ಟು ಮಕ್ಕಳಿಂದಲೇ ಕಂಡುಹಿಡಿಸಿದ ಚಟುವಟಿಕೆ, ಉತ್ತಮ ಅಂತ. ನಾನು ಬಾಯಿ ಬಿಡ್ಲಿಲ್ಲ, ಥ್ಯಾಂಕ್ಯೂ ಸಾರ್ ಅಂದೆ. ಬೈಸ್ಕೊಂಡ ಎರಡನೇ ಗ್ರೂಪಿನವರು ಅಲ್ಲೇ ನಿಂತಿದ್ರು. ಮಾರನೇ ದಿನ ಅವರ ಹತ್ರ ಸಾರಿ ಕೇಳಿದೆ, ಆದ್ರೆ ಸಾಹೇಬ್ರ ಮುಂದೆ ಕೇಳಿದ್ರೆ ಅದರ ತೂಕ ಬೇರೆ ಇರ್ತಿತ್ತು.

ಅದೇ ಹುಡುಗಿ ಮಾರನೇ ದಿನ ಮತ್ತೆ ಬಂದ್ಳು. ಗೋಡೆ ಮೇಲಿರೋ ವರ್ಲ್ಡ್ ಮ್ಯಾಪಲ್ಲೂ ದಾರ ಇಟ್ಟು ಪಟ್ಟಿ ಮೇಲೆ ಅಳೀಬಹುದಾ ಮಿಸ್? ಹ್ಞೂಂ ಅನ್ನೋಕೆ ಬಾಯಿ ತೆರೆದೋಳು ಮುಚ್ಕೊಂಡೆ. ಅದು ಮರ್ಕೇಟರ್ ನಕ್ಷೆ. 1569ರಲ್ಲಿ ಹಡಗಿನವರಿಗೆ ದಿಕ್ಕು ಸರಿಯಾಗಿ ಸಿಗ್ಲಿ ಅಂತ ಮಾಡಿದ್ದು, ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಎಲ್ಲ ಉಬ್ಬಿಕೊಳ್ಳತ್ತೆ, 60 ಡಿಗ್ರಿ ಅಕ್ಷಾಂಶದಲ್ಲಿ ದೂರ ಎರಡರಷ್ಟು ಕಾಣತ್ತೆ. ಅಲ್ಲಿ ಪಟ್ಟಿನೂ ಕೈ ಕೊಡತ್ತೆ. ಬಾಯಲ್ಲಿ ಹೇಳೋ ಬದಲು ಬೀರುವಿನ ಮೇಲೆ ಧೂಳು ಹಿಡಿದಿದ್ದ ಗ್ಲೋಬ್ ಇಳಿಸಿ ಕೊಟ್ಟೆ. ಗೋಡೇಲಿ ಗ್ರೀನ್‌ಲ್ಯಾಂಡು ಆಫ್ರಿಕಾ ಹೆಚ್ಚುಕಮ್ಮಿ ಒಂದೇ ಸೈಜು, ಗ್ಲೋಬಲ್ಲಿ ಆಫ್ರಿಕಾ ಎಲ್ಲಿ, ಗ್ರೀನ್‌ಲ್ಯಾಂಡ್ ಎಲ್ಲಿ, ಸುಮಾರು 14 ಪಟ್ಟು ವ್ಯತ್ಯಾಸ! ಆ ಪಿರಿಯಡ್ ಪೂರ್ತಿ ಅದಕ್ಕೇ ಹೋಯ್ತು, ಸಿಲಬಸ್ ಹಿಂದೆ ಬಿತ್ತು, ಎಚ್ಎಂ ಕೇಳಿದ್ರು, ಬೈಸ್ಕೊಂಡೆ.

ಆಮೇಲೆ ಸ್ಮಾರ್ಟ್ ಬೋರ್ಡ್ ಬಂತು. ಅದರಲ್ಲಿ ಝೂಮ್ ಮಾಡಿದ ಹಾಗೆಲ್ಲ ಮೂಲೇಲಿರೋ 1:50,000 ಅನ್ನೋ ಅಕ್ಷರನೂ ದೊಡ್ಡದಾಗತ್ತೆ, ಅಂಕಿ ಮಾತ್ರ ಅದೇ. ಟ್ರೇನಿಂಗಲ್ಲಿ ಇದನ್ನ ಕೇಳಿದ್ರೆ, ಮೊದಲು ಬೋರ್ಡ್ ಆನ್ ಮಾಡೋದು ಕಲೀರಿ ಮೇಡಂ ಅಂದ್ರು.

ಎ3 ಹಾಳೆಗೆ ಈ ವರ್ಷನೂ ಇಂಡೆಂಟ್ ಹಾಕಿದೀನಿ, ಸ್ಯಾಂಕ್ಷನ್ ಆಗಿಲ್ಲ. ಅದಕ್ಕೆ ಈಗ ನಕ್ಷೆ ಮೇಲೆ ಪಟ್ಟಿ ಮಾತ್ರ ಎಳೀತೀನಿ, 1: ಅಂತ ಬರೆದು ಮುಂದೆ ಖಾಲಿ ಬಿಡ್ತೀನಿ. ಜೆರಾಕ್ಸ್ ಆದ ಮೇಲೆ ಮಕ್ಕಳೇ ಪಟ್ಟಿ ಅಳೆದು ಆ ಜಾಗ ತುಂಬ್ತಾರೆ. ಮೊನ್ನೆ ಒಂದು ಗ್ರೂಪು 1:7 ಅಂತ ಬರೆದಿತ್ತು, ಮೀಟರನ್ನ ಸೆಂಮೀ ಮಾಡೋದು ಮರೆತು.