ಹಳೆ ಲ್ಯಾಪ್‌ಟಾಪಿನಲ್ಲಿ ಸ್ಕೈರಿಮ್

ನನ್ನ ಲ್ಯಾಪ್‌ಟಾಪಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಇಂಟೆಲ್ ಎಚ್‌ಡಿ 4000 ಎಂಬ, ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಚಿಪ್ ಮಾತ್ರ. ಅದರಲ್ಲೇ 2011ರ ಸ್ಕೈರಿಮ್ ಗೇಮ್ ಆಡಬೇಕೆಂದು ಹಟ ಹಿಡಿದೆ.

ಇಂಥ ಚಿಪ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ. ಪ್ರೊಸೆಸರ್ ಜೊತೆ ರ‍್ಯಾಮ್ ಹಂಚಿಕೊಳ್ಳಬೇಕು. ಡಿಡಿಆರ್3-1600 ಬಗೆಯ ರ‍್ಯಾಮ್ ಸ್ಟಿಕ್ ಒಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 12.8 ಜಿಬಿ ಡೇಟಾ ಓಡುತ್ತದೆ. ಅಂಥದ್ದೇ ಇನ್ನೊಂದು ಹಾಕಿದರೆ ಡ್ಯುಯಲ್ ಚಾನೆಲ್, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ 25.6 ಜಿಬಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸ್ಟಿಕ್ ಹುಡುಕಿ ತಂದೆ. ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದು ಇದೇ!

ಆಮೇಲೆ ರೆಸಲ್ಯೂಷನ್. 1366×768 ಅಂದರೆ ಸುಮಾರು 10.5 ಲಕ್ಷ ಪಿಕ್ಸೆಲ್. 1024×576ಕ್ಕೆ ಇಳಿಸಿದರೆ 5.9 ಲಕ್ಷ. ಕೆಲಸ ಹತ್ತಿರ ಹತ್ತಿರ ಅರ್ಧ ಆಯ್ತು ಅಲ್ವಾ?

ನೆರಳುಗಳದ್ದೇ ದೊಡ್ಡ ಕಾಟ. ಆಟದ ಮೆನುವಿನಲ್ಲಿ ಅವನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ಡಾಕ್ಯುಮೆಂಟ್ಸ್ ಫೋಲ್ಡರಿನೊಳಗಿನ ಸ್ಕೈರಿಮ್‌ಪ್ರೆಫ್ಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಶ್ಯಾಡೋ ಮ್ಯಾಪ್ ರೆಸಲ್ಯೂಷನ್ (ನೆರಳು ಎಷ್ಟು ಸ್ಪಷ್ಟವಾಗಿ ಕಾಣಬೇಕು ಅನ್ನೋದು) 512 ಮಾಡಿದೆ. ನೆರಳು ಬೀಳುವ ದೂರವನ್ನೂ ಕಡಿಮೆ ಮಾಡಿದೆ. ಫೈಲಿನ ಒಂದು ಕಾಪಿ ಮೊದಲೇ ಇಟ್ಟುಕೊಳ್ಳಿ.

ಈಗ ವೈಟ್‌ರನ್ ಎಂಬ ಆಟದೊಳಗಿನ ಊರಿನ ಬೀದಿಗಳಲ್ಲಿ ಆರಾಮಾಗಿ ಓಡಾಡುತ್ತೇನೆ. ಡ್ರ್ಯಾಗನ್ ಬೆಂಕಿ ಉಗುಳಿದಾಗ ಮಾತ್ರ ಸ್ವಲ್ಪ ತಡವರಿಸುತ್ತದೆ. 2016ರ ಸ್ಪೆಷಲ್ ಎಡಿಷನ್ ಇನ್ನೂ ಭಾರ, ಹಾಗಾಗಿ ಹಳೆಯದನ್ನೇ ಮುಂದುವರಿಸುತ್ತೇನೆ.